ಹದಿನೈದು ನಿಮಿಷಕ್ಕೆ ನಿಂತೋಗೋ ಫಿಯೆಟ್

ಪ್ರಶ್ನೆ: ನಮಸ್ತೆ ಸಾರ್, ನಾವು ಚಿಕ್ಕಮಗಳೂರು ಹತ್ರ ಆಲ್ದೂರು ಕಡೆಯವರು. ನಮ್ಮ ತಾತ ತಗೊಂಡಿದ್ದ 1982ನೇ ಮಾಡೆಲ್ ಪ್ರೀಮಿಯರ್ ಪದ್ಮಿನಿ, ಎಲ್ರೂ ಫಿಯೆಟ್ ಅನ್ನೋ ಗಾಡಿ, ತೋಟದ ಶೆಡ್ಡಲ್ಲಿ ಹನ್ನೊಂದು ವರ್ಷ ನಿಂತಿತ್ತು, ಹೋದ ವರ್ಷ ನಾನು ನನ್ನ ತಮ್ಮ ಸೇರ್ಕೊಂಡು ಅದನ್ನ ಎಬ್ಬಿಸಿದ್ವಿ, ಬ್ರೇಕು ಟಯರು ವೈರಿಂಗು ಎಲ್ಲಾ ಹೊಸದು ಮಾಡ್ಸಿದೀವಿ. ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ, ಸೌಂಡೂ ಚೆನ್ನಾಗಿದೆ, ಆದ್ರೆ ಹದಿನೈದು ನಿಮಿಷ ಓಡಿದ್ಮೇಲೆ ಎರಡು ಮೂರು ಸಲ ಜಗ್ಗಿ ಆಫ್ ಆಗೋಗುತ್ತೆ. ಇಪ್ಪತ್ತು ನಿಮಿಷ ಬಿಟ್ಟು ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋ ಥರ ಮತ್ತೆ ಸ್ಟಾರ್ಟ್. ಕಾರ್ಬೋರೇಟರ್ ಎರಡು ಸಲ ಬಿಚ್ಚಿ ತೊಳ್ಸಿದ್ವಿ, ಕಿಡಿಗೆ ಕರೆಂಟ್ ಕೊಡೋ ಕಾಯಿಲ್ ಹೊಸದು, ಪ್ಲಗ್ ಹೊಸದು, ಪೆಟ್ರೋಲ್ ಎಳೆಯೋ ಎಸಿ ಪಂಪಿಗೆ ಹೊಸ ಕಿಟ್ ಹಾಕ್ಸಿದ್ವಿ. ಹೋದ ತಿಂಗಳು ಮುಳ್ಳಯ್ಯನಗಿರಿಗೆ ಅಂತ ಹೊರಟು ಕೈಮರ ದಾಟೋದ್ರೊಳಗೆ ಮೂರು ಸಲ ನಿಂತು ವಾಪಸ್ ಬಂದ್ವಿ. ಈಗ ಮೆಕ್ಯಾನಿಕ್ ಎಂಜಿನ್ ಇಳಿಸ್ಲೇಬೇಕು ಅಂತಿದಾರೆ, ಅಪ್ಪ ಸುಮ್ನೆ ಮಾರಾಕ್ರೋ ಅಂತಿದಾರೆ. ಏನ್ ಮಾಡೋದು?

ಉತ್ತರ: ಮಾರ್ಬೇಡಿ, ಎಂಜಿನ್ನೂ ಇಳಿಸ್ಬೇಡಿ. ತಣ್ಣಗಿರುವಾಗ ಒಂದೇ ಸಲ ಸೆಲ್ಫ್ ಹೊಡೆದ್ರೆ ಸ್ಟಾರ್ಟ್ ಆಗಿ ಹದಿನೈದು ನಿಮಿಷ ನೆಟ್ಟಗೆ ಓಡೋ ಎಂಜಿನ್ನಲ್ಲಿ ಕಂಪ್ರೆಷನ್ ಇದೆ, ಟೈಮಿಂಗ್ ಇದೆ ಅಂತಾನೇ ಅರ್ಥ. ವಾಲ್ವ್ ತೆರೆಯೋ ಟ್ಯಾಪೆಟ್ ತೀರಾ ಟೈಟ್ ಇದ್ರೆ ಬಿಸಿಗೆ ಕಂಪ್ರೆಷನ್ ಬಿಡೋದು ಉಂಟು, ಅದನ್ನ ಒಂದ್ಸಲ ನೋಡ್ಸಿ, ಆದ್ರೆ ಅದಕ್ಕೂ ಎಂಜಿನ್ ಇಳಿಸೋ ಅಗತ್ಯ ಇಲ್ಲ.

ನಿಮ್ಮ ಪತ್ರದಲ್ಲಿ ನಂಗೆ ಬೇಜಾರಾಗಿದ್ದು ಏನಂದ್ರೆ, ಇಷ್ಟೊಂದು ಸಾಮಾನು ಬದಲಾಯಿಸಿದೀರಲ್ಲ, ಗಾಡಿ ನಿಂತ ಆ ಹೊತ್ತಲ್ಲಿ ಪೆಟ್ರೋಲ್ ಬರ್ತಿರ್ಲಿಲ್ವಾ, ಕರೆಂಟ್ ಬರ್ತಿರ್ಲಿಲ್ವಾ ಅಂತ ಮಾತ್ರ ಯಾರೂ ನೋಡೇ ಇಲ್ಲ. ಗ್ಯಾರೇಜಿಗೆ ತಳ್ಕೊಂಡು ಹೋಗೋ ಹೊತ್ತಿಗೆ ಗಾಡಿ ವಾಸಿಯಾಗಿರುತ್ತೆ, ವಾಸಿಯಾದ ಗಾಡೀಲಿ ಕಾಯಿಲೆ ಹುಡುಕಿದ್ರೆ ಎಲ್ಲಿ ಸಿಗುತ್ತೆ ಹೇಳಿ? ನಿಂತ ತಕ್ಷಣದ ಮೂರು ನಾಲ್ಕು ನಿಮಿಷ ಇದ್ಯಲ್ಲ, ಅದೊಂದೇ ನಿಮಗೆ ಸಿಗೋ ಟೈಮು, ಏನ್ ನೋಡೋದಿದ್ರೂ ಅಷ್ಟರಲ್ಲೇ ನೋಡ್ಬೇಕು.

ಅದಕ್ಕೂ ಮುಂಚೆ ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಒಂದಿದೆ. ಮನೆ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿ ಕಾಲು ಒತ್ತದೆ ಹಾಗೇ ಸ್ಲೋನಲ್ಲಿ ಬಿಡಿ, ಮುಕ್ಕಾಲು ಗಂಟೆ. ಟೆಂಪರೇಚರ್ ಮೇಲೆ ಒಂದು ಕಣ್ಣಿರಲಿ. ನಿಂತಲ್ಲೇ ಇದ್ರೂ ಹದಿನೈದು ಇಪ್ಪತ್ತು ನಿಮಿಷಕ್ಕೆ ಆಫ್ ಆಯ್ತು ಅಂದ್ರೆ ಬಿಸಿಗೆ ಕೈಕೊಡೋ ಸಾಮಾನು ಯಾವುದೋ ಇದೆ, ಕಿಡಿ ಕಡೆಯ ಕಂಡೆನ್ಸರ್, ಕಾಯಿಲ್, ಇಲ್ಲ ಪೈಪಲ್ಲಿ ಪೆಟ್ರೋಲ್ ಆವಿ ಆಗ್ತಿದೆ. ಅಂಗಳದಲ್ಲಿ ಒಂದು ಗಂಟೆ ಬಿಟ್ರೂ ಆರಾಮಾಗಿ ಗುಡುಗುಡು ಅಂತಿದ್ದು ರೋಡಿಗೆ ಇಳಿದ್ರೆ ಮಾತ್ರ ಸಾಯುತ್ತೆ ಅಂದ್ರೆ ಎಂಜಿನ್ ಕೇಳಿದಷ್ಟು ಪೆಟ್ರೋಲ್ ಮುಂದಕ್ಕೆ ಬರ್ತಿಲ್ಲ. ಸ್ಲೋನಲ್ಲಿ ಅದಕ್ಕೆ ಒಂದು ಗುಟುಕು ಸಾಕು, ಕೈಮರದ ಏರಲ್ಲಿ ಸೆಕೆಂಡ್ ಗೇರಲ್ಲಿ ಕಾಲು ಒತ್ತಿ ಹಿಡಿದಾಗ ಅದರ ಹತ್ತರಷ್ಟಾದ್ರೂ ಬೇಕು. ನೀವು ಏರಲ್ಲೇ ಮೂರು ಸಲ ನಿಂತಿದ್ದು, ನಿಲ್ಲೋ ಮುಂಚೆ ಜಗ್ಗಿದ್ದು ಎರಡೂ ನೋಡಿದ್ರೆ ನಂಗೆ ಪೆಟ್ರೋಲ್ ಕಡೇನೇ ಅನುಮಾನ. ಕರೆಂಟ್ ಹೋದ್ರೆ ಸಾಮಾನ್ಯವಾಗಿ ಕೀ ತಿರುಗಿಸಿದ ಹಾಗೆ ಒಂದೇ ಏಟಿಗೆ ಆಫ್ ಆಗುತ್ತೆ, ಪೆಟ್ರೋಲ್ ಕಮ್ಮಿ ಆದ್ರೆ ಗಾಡಿ ತಡವರಿಸಿ, ಜಗ್ಗಿ, ಆಮೇಲೆ ನಿಲ್ಲುತ್ತೆ.

ಈಗ ರೋಡಲ್ಲಿ ನಿಂತಾಗ ಏನ್ ಮಾಡ್ಬೇಕು ಅಂದ್ರೆ, ಬಾನೆಟ್ ಎತ್ತೋಕೆ ಹೋಗ್ಬೇಡಿ, ಮೊದಲು ಟ್ಯಾಂಕ್ ಹತ್ರ ಹೋಗಿ ಮುಚ್ಚಳ ಬಿಚ್ಚಿ, ಕಿವಿ ಕೊಟ್ಟು ಕೇಳಿ. ಉಸ್ಸ್ ಅಂತ ಗಾಳಿ ಒಳಗೆ ಎಳ್ಕೊಂಡ್ರೆ ಕಳ್ಳ ಸಿಕ್ಕ. ಟ್ಯಾಂಕಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರ್ಬೇಕು, ಗಾಳಿ ಬರೋ ದಾರಿ ಮುಚ್ಚೋಗಿದ್ರೆ ಪಂಪ್ ಎಷ್ಟು ಎಳೆದ್ರೂ ಪೆಟ್ರೋಲ್ ಬರಲ್ಲ. ನಂಗೇ ಇದು ಆಗಿದೆ. ಹಾಸನದಿಂದ ಮಂಗಳೂರಿಗೆ ಹೋಗಿ ವಾಪಸ್ ಬರ್ತಾ ಗುಂಡ್ಯ ದಾಟಿ ಮಾರನಹಳ್ಳಿ ಕಡೆ ಶಿರಾಡಿ ಹತ್ತುವಾಗ ಮಳೇಲಿ ನಾಲ್ಕು ಸಲ ನಿಂತೆ, ಹೆಂಡತಿ ಮಕ್ಕಳು ಒಳಗೆ, ಹಿಂದೆ ಲಾರಿ ಸಾಲು. ಆ ವಾರ ಬೀಗ ಇರೋ ಹೊಸ ಮುಚ್ಚಳ ಹಾಕ್ಸಿದ್ದೆ, ಅದ್ರಲ್ಲಿ ಗಾಳಿ ತೂತೇ ಇರ್ಲಿಲ್ಲ. ಹಳೇ ಮುಚ್ಚಳ ಡಿಕ್ಕೀಲಿತ್ತು, ಹಾಕ್ಕೊಂಡು ಸಕಲೇಶಪುರ ಮುಟ್ಟಿದೆ. ಅವತ್ತಿಂದ ಯಾರೇ ಗಾಡಿ ಓಡ್ತಾ ನಿಲ್ಲುತ್ತೆ ಅಂದ್ರೂ ನಾನು ಮೊದಲು ಕೇಳೋದು ಮುಚ್ಚಳದ ವಿಷಯಾನೇ.

ಉಸ್ಸ್ ಅನ್ಲಿಲ್ಲ ಅಂದ್ರೆ ಕರೆಂಟ್ ನೋಡಿ. ಒಂದು ಸ್ಪೇರ್ ಪ್ಲಗ್ ಯಾವಾಗ್ಲೂ ಗಾಡೀಲಿಟ್ಕೊಳ್ಳಿ. ಒಂದು ಪ್ಲಗ್ ವೈರ್ ಕಿತ್ತು ಅದಕ್ಕೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗ ಎಂಜಿನ್ನಿಗೆ ತಾಗೋ ಹಾಗೆ ಇಟ್ಟು, ಕೈ ದೂರ ಇಟ್ಕೊಂಡು ತಮ್ಮನಿಗೆ ಸೆಲ್ಫ್ ಹೊಡೆಯೋಕೆ ಹೇಳಿ. ಟಪ್ ಟಪ್ ಅಂತ ನೀಲಿ ಕಿಡಿ ಬಂದ್ರೆ ಕರೆಂಟ್ ಸರಿ ಇದೆ. ಹಳದಿ ಬಣ್ಣದ ಸಣಕಲು ಕಿಡಿ, ಇಲ್ಲ ಕಿಡೀನೇ ಇಲ್ಲ ಅಂದ್ರೆ ಮೊದಲು ಕಂಡೆನ್ಸರ್ ಬದಲಾಯಿಸಿ. ಹೊಸದು ಹಾಕಿದೀವಲ್ಲ ಅನ್ಬೇಡಿ, ಈಗ ಮಾರ್ಕೆಟ್ಟಲ್ಲಿ ಬರೋ ಹೊಸ ಕಂಡೆನ್ಸರ್‌ಗಳಲ್ಲಿ ಬಿಸಿಯಾದ್ರೆ ಸತ್ತು ತಣ್ಣಗಾದ್ರೆ ಬದುಕೋವು ಬೇಕಾದಷ್ಟಿವೆ. ಕಾಯಿಲ್ಲೂ ಅಷ್ಟೆ, ಬ್ಯಾಲಸ್ಟ್, ಅಂದ್ರೆ ಕಾಯಿಲಿಗೆ ಹೋಗೋ ಕರೆಂಟ್ ಕಮ್ಮಿ ಮಾಡೋ ರೆಸಿಸ್ಟರ್, ಇಲ್ಲದ 12 ವೋಲ್ಟ್ ಗಾಡಿಗೆ ಸುಮಾರು 3 ಓಮ್ಸ್ ಇರೋ ಕಾಯಿಲ್ ಬೇಕು, ಅಂಗಡೀಲಿ ಗೊತ್ತಿಲ್ದೆ ಒಂದೂವರೆ ಓಮ್ಸಿಂದು ಕೊಟ್ಟಿದ್ರೆ ಅದು ಕೈಯಿಡೋಕಾಗದಷ್ಟು ಬಿಸಿಯಾಗುತ್ತೆ, ಕಾಯಿಲಿನ ಕರೆಂಟ್ ಕಡಿದು ಕೊಡೋ ಪಾಯಿಂಟೂ ಸುಟ್ಟೋಗುತ್ತೆ. ಮಲ್ಟಿಮೀಟರ್ ಇರೋರ ಹತ್ರ ಅಳೆಸಿ.

ಕಿಡಿ ಚೆನ್ನಾಗಿದೆ ಅಂದ್ರೆ ಆಮೇಲೆ ಪೆಟ್ರೋಲ್. ಕಾಯಿಲ್ ವೈರ್ ಕಿತ್ತಿಟ್ಟು, ಅಂದ್ರೆ ಎಲ್ಲೂ ಕಿಡಿ ಬರದ ಹಾಗೆ ಮಾಡ್ಕೊಂಡು, ಕಾರ್ಬೋರೇಟರಿಗೆ ಬರೋ ಪೈಪ್ ಬಿಚ್ಚಿ ಒಂದು ಬಾಟಲಿಗೆ ಹಿಡಿದು ಸೆಲ್ಫ್ ಹೊಡೀರಿ. ಸೈಲೆನ್ಸರ್ ಕಡೆ ಒಂದು ಹನಿಯೂ ಬೀಳ್ಬಾರ್ದು, ಬೀಡಿ ಸಿಗರೇಟು ಹಿಡಿದವರನ್ನ ಹತ್ರ ಸೇರಿಸ್ಬೇಡಿ. ಚಿರ್ ಚಿರ್ ಅಂತ ತುಂಬು ಧಾರೆ ಬರ್ಬೇಕು. ಸೊರಗಿದ ಧಾರೆ, ಇಲ್ಲ ಬರೀ ಗುಳ್ಳೆ ಬಂತು ಅಂದ್ರೆ ಒದ್ದೆ ಬಟ್ಟೆ ಒಂದನ್ನ ಎಸಿ ಪಂಪ್ ಮೇಲೆ ಸುತ್ತಿ ಎರಡು ನಿಮಿಷ ಬಿಡಿ. ಹಳೇ ಡ್ರೈವರುಗಳು ಘಾಟಿ ರೋಡಲ್ಲಿ ಮಾಡ್ತಿದ್ದ ಕೆಲಸ ಇದು. ಅಷ್ಟಕ್ಕೇ ಸ್ಟಾರ್ಟ್ ಆದ್ರೆ ವೇಪರ್ ಲಾಕ್, ಅಂದ್ರೆ ಬಿಸಿಗೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿದೆ, ಪೈಪ್ ಎಲ್ಲೋ ಸೈಲೆನ್ಸರ್ ಪಕ್ಕ ಹಾದುಹೋಗಿದೆ, ದೂರ ಸರಿಸಿ ಕಟ್ಟಿಸಿ.

ಬಟ್ಟೆಗೂ ಜಗ್ಲಿಲ್ಲ ಅಂದ್ರೆ ಟ್ಯಾಂಕು. ನಿಜ ಹೇಳ್ಬೇಕಂದ್ರೆ ನನ್ನ ಮನಸ್ಸಿಗೆ ಮೊದಲಿಂದ ಬಂದಿರೋದೂ ಟ್ಯಾಂಕೇ. ಮಲೆನಾಡಿನ ಮಳೇಲಿ ಹನ್ನೊಂದು ವರ್ಷ ನಿಂತ ತಗಡಿನ ಟ್ಯಾಂಕು ಒಳಗೆ ಹೇಗಿರುತ್ತೆ ಅಂತ ಯೋಚ್ನೆ ಮಾಡಿ, ನೀವು ಬದಲಾಯಿಸಿರೋ ಸಾಮಾನಿನ ಪಟ್ಟೀಲಿ ಅದೊಂದೇ ಇಲ್ಲ. ಟ್ಯಾಂಕ್ ತಳದಿಂದ ಅರ್ಧ ಲೀಟರ್ ಪೆಟ್ರೋಲ್ ಗಾಜಿನ ಬಾಟಲಿಗೆ ಇಳಿಸಿ ಬೆಳಕಿಗೆ ಹಿಡೀರಿ. ಮೊದಲು ಎಲ್ಲಾ ಕದಡಿ ಕೆಂಪಗೆ ಕಾಣುತ್ತೆ, ಹತ್ತು ನಿಮಿಷ ಅಲ್ಲಾಡಿಸದೆ ಇಟ್ರೆ ಮೇಲೆ ತಿಳಿಯಾಗಿ ತಳದಲ್ಲಿ ಕಾಫಿ ಚರಟದ ಥರ ತುಕ್ಕಿನ ಪುಡಿ ಕೂರುತ್ತೆ, ಅದರ ಜೊತೆ ತಳದಲ್ಲಿ ಗುಂಡಗೆ ಹೊರಳಾಡೋ ಹನಿ ಕಂಡ್ರೆ ಅದು ನೀರು. ನಿಮ್ಮ ಗಾಡೀಲಿ ನಡೀತಿರೋದೂ ಇದೇ ಅಂತ ನನ್ನ ಅಂದಾಜು, ಓಡ್ತಾ ಓಡ್ತಾ ಈ ಚರಟ ಎಲ್ಲಾ ಪೈಪಿನ ಬಾಯಿಗೆ ಹೋಗಿ ಅಂಟ್ಕೊಳ್ಳುತ್ತೆ, ಗಾಡಿ ನಿಂತ್ಮೇಲೆ ಎಳೆತ ಇರಲ್ವಲ್ಲ, ನಿಧಾನಕ್ಕೆ ಉದುರಿ ಕೆಳಗೆ ಕೂರುತ್ತೆ, ನಿಮಗೆ ಇಪ್ಪತ್ತು ನಿಮಿಷಕ್ಕೆ ಗಾಡಿ ವಾಸಿ ಆಯ್ತು ಅನ್ಸುತ್ತೆ.

ಟ್ಯಾಂಕ್ ಇಳಿಸಿ, ಒಂದು ಹಿಡಿ ಸಣ್ಣ ಬೋಲ್ಟ್ ನಟ್ಟು ಎಣಿಸಿ ಒಳಗೆ ಹಾಕಿ ಚೆನ್ನಾಗಿ ಕುಲುಕಿ ತೊಳೀರಿ, ಅಷ್ಟೂ ಎಣಿಸಿ ವಾಪಸ್ ತೆಗೀರಿ, ಪೂರ್ತಿ ಒಣಗಿಸಿ ಆಮೇಲೆ ಕೂರಿಸಿ. ತೂತು ಕಂಡ್ರೆ ದಯವಿಟ್ಟು ದಾರೀಲಿ ಸಿಕ್ಕಿದ ವೆಲ್ಡಿಂಗ್ ಅಂಗಡಿಗೆ ತಗೊಂಡು ಹೋಗ್ಬೇಡಿ, ಖಾಲಿ ಟ್ಯಾಂಕಲ್ಲಿ ಉಳಿದಿರೋ ಪೆಟ್ರೋಲ್ ಆವಿ ಬಾಂಬಿದ್ದ ಹಾಗೆ, ಜೀವ ಹೋಗುತ್ತೆ. ರೇಡಿಯೇಟರ್, ಟ್ಯಾಂಕ್ ಕೆಲಸ ಗೊತ್ತಿರೋರ ಕೈಲೇ ಮಾಡ್ಸಿ. ಪಂಪಿಗೂ ಮುಂಚೆ ಒಳಗೆ ಕಾಣೋ ಥರದ ಪ್ಲಾಸ್ಟಿಕ್ ಫಿಲ್ಟರ್ ಒಂದು ಹಾಕಿ, ಕೆಂಪಗಾಗ್ತಿದ್ಯಾ ಅಂತ ಬಾನೆಟ್ ಎತ್ತಿದಾಗೆಲ್ಲಾ ನೋಡ್ಬಹುದು.

ಅದೇ ಹೊತ್ತಲ್ಲಿ ರಬ್ಬರ್ ಪೈಪುಗಳನ್ನೂ ಬಿಸಾಕಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ನೂರಕ್ಕೆ 20 ಭಾಗ ಎಥೆನಾಲ್, ನಿಮ್ಮ 1089 ಸಿಸಿ ಎಂಜಿನ್ ಕುರ್ಲಾ ಫ್ಯಾಕ್ಟರೀಲಿ ತಯಾರಾದಾಗ ಆ ಲೆಕ್ಕ ಯಾರ ತಲೇಲೂ ಇರ್ಲಿಲ್ಲ. ಹಳೇ ರಬ್ಬರ್ ಎಥೆನಾಲಿಗೆ ಊದ್ಕೊಂಡು ಒಳಗಡೆ ಪದರ ಬಿಡುತ್ತೆ, ಆ ಸಿಪ್ಪೆ ಎಳೆತಕ್ಕೆ ಬಾಗಿಲಿನ ಹಾಗೆ ಮುಚ್ಕೊಳ್ಳುತ್ತೆ, ಹೊರಗಿಂದ ಪೈಪ್ ಹೊಸದರ ಥರಾನೇ ಕಾಣ್ತಿರುತ್ತೆ. ಅಂಗಡೀಲಿ ಎಸ್‌ಎಇ ಜೆ30 ಆರ್9 ಅಂತ ಅಚ್ಚು ಹೊಡೆದಿರೋ ಪೈಪ್ ಕೇಳಿ ತಗೊಳ್ಳಿ. ಇನ್ನೊಂದು ವಿಷಯ, ಪೆಟ್ರೋಲ್ ಸರಿಯಾಗಿ ಉರಿಯೋಕೆ ಅದರ ತೂಕದ 14.7ರಷ್ಟು ಗಾಳಿ ಬೇಕು, ಎಥೆನಾಲಿಗೆ 9 ಸಾಕು, ಹಾಗಾಗಿ ಕಾರ್ಬೋರೇಟರಲ್ಲಿ ಪೆಟ್ರೋಲ್ ಅಳೆದು ಬಿಡೋ ಹಳೇ ಜೆಟ್ಟಲ್ಲಿ ಈ ಪೆಟ್ರೋಲ್ ಸ್ವಲ್ಪ ಲೀನ್ ಆಗುತ್ತೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ, ಎಂಜಿನ್ ಒಂಚೂರು ಜಾಸ್ತಿ ಬಿಸಿಯಾಗ್ಬಹುದು. ಜೆಟ್ ಒಂದು ಸೈಜ್ ದೊಡ್ಡದು ಮಾಡೋ ವಿಷಯ ಆಮೇಲೆ ನೋಡೋಣ, ಮೊದಲು ಗಾಡಿ ನಿಲ್ಲೋದು ನಿಲ್ಲಲಿ.

ಒಂದ್ಸಲಕ್ಕೆ ಒಂದೇ ಕೆಲಸ ಮಾಡಿ, ಮಾಡಿದ್ಮೇಲೆ ಓಡಿಸಿ ನೋಡಿ, ಒಂದು ಪುಸ್ತಕದಲ್ಲಿ ಬರ್ಕೊಳ್ಳಿ. ಅಪ್ಪಂಗೆ ಒಂದು ತಿಂಗಳು ಟೈಮ್ ಕೇಳಿ. ತಾತನ ಗಾಡಿ ಒಂದ್ಸಲ ಗೇಟ್ ದಾಟಿ ಹೋದ್ರೆ ವಾಪಸ್ ಬರಲ್ಲ, ನಮ್ಮ ಮನೆಯದ್ದು ಹಾಗೆ ಹೋಗಿದೆ, ಇವತ್ತಿಗೂ ನಂಗೆ ಆ ಸಂಕಟ ಇದೆ.

ಪ್ರಶ್ನೆ: ಅರಸೀಕೆರೆಯಿಂದ ಬರೀತಿದೀನಿ ಅಣ್ಣ. ನಂದು 1996ರ ಮಾರುತಿ 800, ಕಾರ್ಬೋರೇಟರ್ ಗಾಡಿ. ಚೋಕ್ ಎಳೆದಿದ್ರೆ ಓಡುತ್ತೆ, ಚೋಕ್ ಒಳಗೆ ತಳ್ಳಿದ್ರೆ ಸಿಗ್ನಲ್ಲಲ್ಲಿ ಆಫ್. ಸ್ಲೋ ಸ್ಕ್ರೂ ತಿರುಗಿಸಿ ತಿರುಗಿಸಿ ಸಾಕಾಗಿದೆ.

ಉತ್ತರ: ಸ್ಕ್ರೂ ಮುಟ್ಬೇಡಿ ತಮ್ಮಾ. ಚೋಕ್ ಅಂದ್ರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಚೋಕಲ್ಲಿ ಮಾತ್ರ ಬದುಕೋ ಗಾಡಿಗೆ ಒಂದೋ ಸ್ಲೋ ಜೆಟ್ ಕಟ್ಟಿದೆ, ಇಲ್ಲಾ ಎಲ್ಲಿಂದಲೋ ಕಳ್ಳಗಾಳಿ ಎಳೀತಿದೆ. ಕೀ ಆನ್ ಮಾಡಿದಾಗ ಕಾರ್ಬೋರೇಟರ್ ಹತ್ರ ಕಿವಿ ಇಟ್ಟು ಕೇಳಿ, ಸ್ಲೋಗೆ ಪೆಟ್ರೋಲ್ ಬಿಡೋ ಸೊಲೆನಾಯ್ಡ್ ಟಿಕ್ ಅನ್ಬೇಕು, ಅನ್ಲಿಲ್ಲ ಅಂದ್ರೆ ಅದರ ವೈರ್ ಬಿಟ್ಟಿದೆ ಇಲ್ಲ ಅದೇ ಹೋಗಿದೆ, ಸ್ಲೋಗೆ ಪೆಟ್ರೋಲೇ ಹೋಗಲ್ಲ. ಟಿಕ್ ಅಂದ್ರೆ ವ್ಯಾಕ್ಯೂಮ್ ಪೈಪುಗಳನ್ನ ಒಂದೊಂದಾಗಿ ಬೆರಳಲ್ಲಿ ಹಿಸುಕಿ ನೋಡಿ, ಯಾವುದನ್ನ ಹಿಸುಕಿದಾಗ ಎಂಜಿನ್ ಸೌಂಡ್ ಬದಲಾಗಿ ನೆಟ್ಟಗಾಗುತ್ತೋ ಆ ದಾರೀಲೇ ಸೀಳು. ಕಾರ್ಬೋರೇಟರ್ ಕೆಳಗಿನ ಗ್ಯಾಸ್ಕೆಟ್ಟೂ ನೋಡ್ಸಿ.

ಪ್ರಶ್ನೆ: ಮೂಡಿಗೆರೆ ನಮ್ಮದು. ಜೀಪು ಸೆಲ್ಫ್ ಹೊಡೀತಿರುವಾಗ ಸ್ಟಾರ್ಟ್ ಆಗುತ್ತೆ, ಕೀ ಬಿಟ್ಟ ತಕ್ಷಣ ಆಫ್. ಪೆಟ್ರೋಲ್ ಎಂಜಿನ್. ಪಂಪ್ ಬದಲಾಯಿಸ್ಲಾ?

ಉತ್ತರ: ಪಂಪಿಗೂ ಇದಕ್ಕೂ ಸಂಬಂಧ ಇಲ್ಲ. ಕೀ ಸೆಲ್ಫ್ ಜಾಗದಲ್ಲಿದ್ದಾಗ ಕಾಯಿಲಿಗೆ ಕರೆಂಟ್ ಹೋಗ್ತಿದೆ, ಆನ್ ಜಾಗಕ್ಕೆ ಬಂದಾಗ ಹೋಗ್ತಿಲ್ಲ. ಕಾಯಿಲಿನ ಪ್ಲಸ್ ಕಡೆ ಟೆಸ್ಟ್ ಬಲ್ಬ್ ಹಿಡಿದು ಕೀ ಆನ್ ಮಾಡಿ. ಉರೀಲಿಲ್ಲ ಅಂದ್ರೆ ಕೀ ಸ್ವಿಚ್ ಸವೆದಿದೆ, ಬ್ಯಾಲಸ್ಟ್ ರೆಸಿಸ್ಟರ್ ಇರೋ ಗಾಡಿ ಆದ್ರೆ ಅದು ಸುಟ್ಟಿದ್ಯಾ ಅಂತಲೂ ನೋಡಿ. ಹೊಸ ಸ್ವಿಚ್ ಹಾಕಿಸುವಾಗ ಬ್ಯಾಟರಿ ಅರ್ತ್ ಬಿಚ್ಚಿಟ್ಕೊಳ್ಳೋಕೆ ಹೇಳಿ.