ಓದುಗರ ಪ್ರಶ್ನೆ, ನಮ್ಮ ಉತ್ತರ: ಪುಟ್ಟ ಉಪ್ಪುನೀರಿನ ಟ್ಯಾಂಕಿಗೆ ಎಷ್ಟು ವ್ಯಾಟ್ ಹೀಟರ್?

ಪ್ರಶ್ನೆ: 40×25×20 ಸೆಂ.ಮೀ. ಅಳತೆಯ ಗಾಜಿನ ಟ್ಯಾಂಕೊಂದು ಖಾಲಿ ಬಿದ್ದಿದೆ. ಉಪ್ಪುನೀರು ತುಂಬಿ ಒಂದೆರಡು ಸೀಗಡಿ, ಹರ್ಮಿಟ್ ಏಡಿ ಸಾಕುವ ಆಸೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಮನೆಯೊಳಗೇ 18 ಡಿಗ್ರಿ. ಅಂಗಡಿಯವರು 100 ವ್ಯಾಟ್ ಹೀಟರ್ ಹಾಕಿ, ಬೇಗ ಬಿಸಿಯಾಗುತ್ತೆ ಅಂತಾರೆ. ಸರಿಯೇ?
— ಓದುಗರು, ಮಡಿಕೇರಿ

ಉತ್ತರ: ಬೇಡ, 25 ವ್ಯಾಟಿನದರಿಂದ ಶುರು ಮಾಡಿ. ಬೇಗ ಬಿಸಿಯಾಗುವುದೇ ಇಲ್ಲಿ ಅಪಾಯ.

ನಿಮ್ಮ ಟ್ಯಾಂಕ್ ಲೆಕ್ಕಕ್ಕೆ 20 ಲೀಟರ್. ಮರಳು, ಕಲ್ಲು ಹಾಕಿ ಅಂಚಿನಿಂದ ಎರಡು ಬೆರಳು ಕೆಳಗೆ ನೀರು ನಿಲ್ಲಿಸಿದರೆ ಉಳಿಯುವುದು 17 ಲೀಟರ್ ಆಸುಪಾಸು. ಅಷ್ಟು ನೀರು ಒಂದು ಡಿಗ್ರಿ ಏರಲು 100 ವ್ಯಾಟ್ ಹೀಟರಿಗೆ ಹನ್ನೆರಡು ನಿಮಿಷ ಸಾಕು. 25 ವ್ಯಾಟ್‌ಗೆ ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಹೀಟರಿನೊಳಗಿನ ಥರ್ಮೋಸ್ಟಾಟ್ ಎಂದರೆ ಬಿಸಿಗೆ ಬಾಗುವ ಒಂದು ಲೋಹದ ಪಟ್ಟಿ. ಪ್ರತಿ ಸಲ ಆನ್, ಆಫ್ ಆಗುವಾಗ ಅದರ ತುದಿಯಲ್ಲಿ ಸಣ್ಣ ಕಿಡಿ ಹಾರುತ್ತದೆ. ನೀರು ಕಮ್ಮಿ, ವ್ಯಾಟ್ ಜಾಸ್ತಿ ಇದ್ದಲ್ಲಿ ಇದು ದಿನಕ್ಕೆ ಎಷ್ಟೋ ಸಲ ನಡೆಯುತ್ತದೆ. ತುದಿ ಸವೆದು, ಕರಗಿ, ಒಂದು ದಿನ ಅಂಟಿಕೊಂಡುಬಿಡುತ್ತದೆ. ಆಮೇಲೆ ಹೀಟರ್ ಆಫ್ ಆಗುವುದಿಲ್ಲ. 100 ವ್ಯಾಟಿನದು ರಾತ್ರಿ ಹಾಗೆ ಅಂಟಿಕೊಂಡರೆ ಬೆಳಿಗ್ಗೆಗೆ ಸೀಗಡಿ ಬೆಂದಿರುತ್ತದೆ. 25 ವ್ಯಾಟಿನದು ಅಂಟಿಕೊಂಡರೆ ನಿಮ್ಮ ತಣ್ಣನೆಯ ಮನೆಯಲ್ಲಿ ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ಏಕೆಂದರೆ ಅದು ಕೊಡುವಷ್ಟು ಶಾಖ ಗಾಜಿನಿಂದಲೂ ನೀರಿನ ಮೇಲ್ಮೈಯಿಂದಲೂ ಸೋರಿಹೋಗುತ್ತಿರುತ್ತದೆ.

ಇದರ ಇನ್ನೊಂದು ಮುಖವೂ ಇದೆ. 18ರಿಂದ 25ಕ್ಕೆ ಏಳು ಡಿಗ್ರಿ ಎತ್ತಿ ನಿಲ್ಲಿಸುವುದು 25 ವ್ಯಾಟ್‌ಗೆ ಸಲೀಸಲ್ಲ. ತೆರೆದ ಟ್ಯಾಂಕಿನಲ್ಲಿ ಅದು ತಿಣುಕುತ್ತದೆ. ಹಾಗಂತ ದೊಡ್ಡ ಹೀಟರಿಗೆ ಹೋಗುವ ಮೊದಲು ಸೋರುವ ಶಾಖವನ್ನು ತಡೆಯಿರಿ. ಟ್ಯಾಂಕಿನ ಅಡಿಗೆ ಒಂದು ಪದರ, ಹಿಂಬದಿಗೆ ಒಂದು ಪದರ ಥರ್ಮಾಕೋಲ್, ಮೇಲೆ ಅಂಚಿನಲ್ಲಿ ಒಂದು ಬೆರಳು ಸಂದಿ ಬಿಟ್ಟು ಗಾಜಿನ ಮುಚ್ಚಳ. ಅದಕ್ಕೂ 25 ಡಿಗ್ರಿ ತಲುಪದಿದ್ದರೆ 50 ವ್ಯಾಟ್, ಅದೂ ಹೊರಗಿನ ಕಂಟ್ರೋಲರ್ ಇದ್ದರೆ ಮಾತ್ರ.

ಕಂಟ್ರೋಲರ್ ಅಂದರೆ ಎಸ್‌ಟಿಸಿ-1000 ತರಹದ, ನೀರಿನ ಉಷ್ಣತೆ ನೋಡಿ ಹೀಟರನ್ನು ಹತ್ತಿಸಿ ಆರಿಸುವ ಪುಟ್ಟ ಡಬ್ಬಿ. ಆನ್‌ಲೈನಿನಲ್ಲೂ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಸಿಗುತ್ತದೆ. 230 ವೋಲ್ಟಿನದನ್ನೇ ಕೇಳಿ ತನ್ನಿ. ಅದರ ರಿಲೇ ಬರೀ ಸ್ವಿಚ್ಚು, ತಾನಾಗಿ ಕರೆಂಟ್ ಕೊಡುವುದಿಲ್ಲ. ಫೇಸ್ ತಂತಿಯನ್ನು ರಿಲೇ ಮೂಲಕ ಸಾಕೆಟ್ಟಿಗೆ ಹಾಯಿಸಬೇಕು. ವೈರಿಂಗ್ ಬಾರದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಅದರ ಸೆಟ್ಟಿಂಗಿನ ಎಫ್1ರಲ್ಲಿ (ಬೇಕಾದ ಉಷ್ಣತೆ) 26, ಎಫ್2ರಲ್ಲಿ (ಅಂತರ) 0.5 ಇಡಿ: ನೀರು 25.5ಕ್ಕೆ ಇಳಿದಾಗ ಹೀಟರ್ ಹತ್ತುತ್ತದೆ, 26ಕ್ಕೆ ಆರುತ್ತದೆ. ಹೀಟರಿನ ಸ್ವಂತ ತಿರುಗಣೆಯನ್ನು 28ಕ್ಕೆ ಇಟ್ಟಿರಿ. ಕಂಟ್ರೋಲರ್ ಕೈಕೊಟ್ಟರೆ ಅದು ತಡೆಯುತ್ತದೆ, ಅದು ಕೈಕೊಟ್ಟರೆ ಕಂಟ್ರೋಲರ್. ಎರಡೂ ಒಟ್ಟಿಗೆ ಕೆಡುವುದು ಅಪರೂಪ.

ಇಲ್ಲಿ ಹಲವರು ಎಡವುವುದು ಸೆನ್ಸರ್ ತಂತಿಯಲ್ಲಿ. ಗಾಜಿಗೆ ಅಂಟುವ ರಬ್ಬರ್ ಬಟ್ಟಲಿನ ಹಿಡಿತ ಸಡಿಲಾಗಿ ಸೆನ್ಸರ್ ನೀರಿನಿಂದ ಹೊರಗೆ ಜೋತುಬಿದ್ದರೆ ಅದು ಕೋಣೆಯ 18 ಡಿಗ್ರಿಯನ್ನೇ ನೀರಿನದೆಂದು ತಿಳಿದು ಹೀಟರನ್ನು ಉರಿಸುತ್ತಲೇ ಇರುತ್ತದೆ. ತಂತಿಯನ್ನು ಅಂಚಿಗೆ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಕಚ್ಚಿಸಿ. ಕಬ್ಬಿಣದ ಕ್ಲಿಪ್ ಬೇಡ, ವಾರದಲ್ಲಿ ತುಕ್ಕು ನೀರಿಗಿಳಿಯುತ್ತದೆ. ಗಾಜಿನ ಥರ್ಮಾಮೀಟರ್ ಒಂದನ್ನು ಜೊತೆಗಿಟ್ಟು ತಾಳೆ ನೋಡಿ, ವ್ಯತ್ಯಾಸ ಕಂಡರೆ ಎಫ್4ರಲ್ಲಿ ಸರಿಪಡಿಸಿ. ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿಯನ್ನು ನಂಬಬೇಡಿ.

ನಿಮ್ಮ ಟ್ಯಾಂಕಿನ ಎತ್ತರ 20 ಸೆಂ.ಮೀ. ಮಾತ್ರ, ಹೀಟರ್ ನೆಟ್ಟಗೆ ನಿಲ್ಲುವುದಿಲ್ಲ. ಪೂರ್ತಿ ಮುಳುಗಿಸಬಹುದಾದದ್ದನ್ನೇ ತಂದು, ಮರಳಿನಿಂದ ಎರಡು ಮೂರು ಸೆಂ.ಮೀ. ಮೇಲೆ ಅಡ್ಡಲಾಗಿ, ಪಂಪಿನ ನೀರು ಹಾಯುವ ದಾರಿಯಲ್ಲಿ ಕೂರಿಸಿ. ನೀರು ಬದಲಾಯಿಸುವ ಕಾಲು ಗಂಟೆ ಮೊದಲೇ ಪ್ಲಗ್ ಕೀಳಿ. ಕಾದ ಕೊಳವೆ ನೀರಿನಿಂದ ಹೊರಬಂದು, ಅದರ ಮೇಲೆ ತಣ್ಣೀರು ಬಿದ್ದರೆ ಗಾಜು ಸೀಳುತ್ತದೆ. ಈ ಕಾರಣಕ್ಕೇ ಟ್ಯಾಂಕಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್ಚು) ಇರಲೇಬೇಕು, ಉಪ್ಪುನೀರಿಗೂ ಕರೆಂಟಿಗೂ ಬಲು ದೋಸ್ತಿ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ.

ಮೊದಲ ದಿನದಿಂದಲೇ ಹೀಟರ್ ಓಡಲಿ, ಒಳಗೆ ಜೀವಿ ಇಲ್ಲದಿದ್ದರೂ. ಜೀವಿಗಳ ಕಸದಿಂದ ಹುಟ್ಟುವ ವಿಷವಾದ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಚಳಿಯಲ್ಲಿ ನಿಧಾನವಾಗಿ ಬೆಳೆಯುತ್ತವೆ. ಅವಕ್ಕೆ ಆಹಾರವಾಗಿ ಅಮೋನಿಯಾ 1ರಿಂದ 2 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ಬರುವಷ್ಟು ಹಾಕಿ; ಅದೂ ಅದರಿಂದ ಹುಟ್ಟುವ ನೈಟ್ರೈಟೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಆಮೇಲಷ್ಟೇ ಏಡಿ, ಅದರ ಹಿಂದೆ ಎರಡು ವಾರ ಬಿಟ್ಟು ಸೀಗಡಿ.

ಪ್ರಶ್ನೆ: ಅಡುಗೆ ಉಪ್ಪು ಅಥವಾ ಕಲ್ಲುಪ್ಪನ್ನೇ ಕರಗಿಸಿದರೆ ಆಗದೇ? ಮನೆಯ ಆರ್‌ಒ ನೀರು ನಡೆಯುತ್ತದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಆಗದು. ಅಡುಗೆ ಉಪ್ಪೆಂದರೆ ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಕಡಲ ನೀರಿನಲ್ಲಿ ಲೀಟರಿಗೆ 400 ಮಿ.ಗ್ರಾಂ ಮೀರಿ ಕ್ಯಾಲ್ಸಿಯಂ, ಅದರ ಮೂರು ಪಟ್ಟು ಮೆಗ್ನೀಸಿಯಂ ಇರುತ್ತದೆ. ಅಕ್ವೇರಿಯಂ ಉಪ್ಪಿನ ಮಿಶ್ರಣವನ್ನೇ ತನ್ನಿ. ಲೀಟರಿಗೆ ಸುಮಾರು 36ರಿಂದ 38 ಗ್ರಾಂ, ಅಂದರೆ 20 ಲೀಟರಿಗೆ 750 ಗ್ರಾಂ ಹತ್ತಿರ. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಉಪ್ಪು. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ತಳ ಹಿಡಿಯುತ್ತದೆ. ಪಂಪ್ ಹಾಕಿ ಒಂದು ದಿನ ತಿರುಗಿಸಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಪಿಪಿಟಿ (ಸಾವಿರ ಭಾಗ ನೀರಿನಲ್ಲಿ 35 ಭಾಗ ಉಪ್ಪು), ಅಂದರೆ ಸಾಪೇಕ್ಷ ಸಾಂದ್ರತೆ 1.026 ತೋರಬೇಕು.

ಆರ್‌ಒ ನೀರನ್ನು ಮಿನರಲ್ ಕಾರ್ಟ್ರಿಡ್ಜಿಗೆ ಹೋಗುವ ಮುಂಚಿನ ಪೈಪಿನಿಂದ ಹಿಡಿಯಿರಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆಯ ಹತ್ತಿರ ಬಂದಷ್ಟೂ ಪಾಚಿಯ ಕಾಟ ಕಡಿಮೆ.

ಪ್ರಶ್ನೆ: ಮೇ ತಿಂಗಳಲ್ಲಿ ನಮ್ಮ ಟ್ಯಾಂಕ್ 32 ಡಿಗ್ರಿ ದಾಟುತ್ತದೆ. ಮಂಜುಗಡ್ಡೆಯ ಬಾಟಲಿ ಬಿಡುತ್ತಿದ್ದೇವೆ. ಇನ್ನೊಂದು ಮಾತು, ಬೀಚ್ ಇಲ್ಲೇ ಹತ್ತಿರ. ಕಡಲ ನೀರು, ಅಲ್ಲಿನ ಹವಳದ ಕಲ್ಲು ತರಬಹುದೇ?
— ಓದುಗರು, ಮಂಗಳೂರು

ಉತ್ತರ: ನಿಮ್ಮದೂ ಮಡಿಕೇರಿಯವರದರಷ್ಟೇ ಟ್ಯಾಂಕ್ ಎಂದಿಟ್ಟುಕೊಳ್ಳೋಣ. ಅರ್ಧ ಲೀಟರ್ ಮಂಜುಗಡ್ಡೆ 17 ಲೀಟರ್ ನೀರನ್ನು ಹೆಚ್ಚುಕಡಿಮೆ ಮೂರು ಡಿಗ್ರಿ ಇಳಿಸುತ್ತದೆ. ಸಂಜೆಗೆ ಮತ್ತೆ ಅಷ್ಟೇ ಏರುತ್ತದೆ. ಸ್ಥಿರವಾದ 29 ಡಿಗ್ರಿಯನ್ನು ತಡೆದುಕೊಳ್ಳುವ ಜೀವಿಗಳು ಈ ಏರಿಳಿತಕ್ಕೆ ಬಳಲುತ್ತವೆ. ಮುಚ್ಚಳ ತೆಗೆದು ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ನೀರಿನ ಮೇಲೆ ಓರೆಯಾಗಿ ಬೀಸುವಂತೆ ಕಟ್ಟಿ, ಅದರ ಅಡಾಪ್ಟರನ್ನು ಎಸ್‌ಟಿಸಿ-1000ದ ಕೂಲಿಂಗ್ ರಿಲೇಗೆ ಜೋಡಿಸಿ. ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಿಮ್ಮ ಸೆಕೆಯಲ್ಲಿ ನೀರು ಆವಿಯಾಗುವುದೇ ನಿಧಾನ, ಹಾಗಾಗಿ ಕಡಿಮೆ. ಲೈಟನ್ನು ರಾತ್ರಿ ಹೊತ್ತಿಗೆ ಹಚ್ಚಿ.

ಫ್ಯಾನ್ ಹಾಕಿದ ಮೇಲೆ ನೀರು ಬೇಗ ಇಳಿಯುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. 17 ಲೀಟರಿನಲ್ಲಿ ಒಂದು ಲೀಟರ್ ಹೋದರೆ 35 ಪಿಪಿಟಿ ಇದ್ದದ್ದು 37 ದಾಟುತ್ತದೆ. ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು, ಬೆಳಿಗ್ಗೆ ಸಂಜೆ ಗೆರೆಯವರೆಗೆ ತುಂಬಿ. ತುಂಬಬೇಕಾದ್ದು ಸಿಹಿ ಆರ್‌ಒ ನೀರು, ಉಪ್ಪುನೀರಲ್ಲ. ಹೊಸಬರಲ್ಲಿ ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ.

ಕಡಲ ನೀರಿನ ವಿಷಯ: ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ನೀರು ಸೇರಿ ದಡದ ಉಪ್ಪಿನಂಶ ಕುಸಿದಿರುತ್ತದೆ, ದೋಣಿಗಳ ಎಣ್ಣೆಯೂ ಬೆರೆತಿರಬಹುದು. ಬೇಡ. ಹವಳದ ಕಲ್ಲನ್ನಂತೂ ಮುಟ್ಟಲೇಬೇಡಿ. ದಿಬ್ಬ ಕಟ್ಟುವ ಹವಳ, ಕಡಲ ಕುದುರೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ. ರಂಧ್ರಗಳಿರುವ ಸೆರಾಮಿಕ್ ಕಲ್ಲು ಒಂದೂವರೆ ಕಿಲೋ ಸಾಕು.

ಪ್ರಶ್ನೆ: ನೀರಿನ ಟೆಸ್ಟ್ ಎಲ್ಲ ಸರಿ ಇದೆ, ಉಷ್ಣತೆ 26. ಆದರೂ ಸೀಗಡಿಗಳು ಒಂದೇ ರಾತ್ರಿಯಲ್ಲಿ ಮಗುಚಿ ಬಿದ್ದಿವೆ.
— ಓದುಗರು, ಬೆಂಗಳೂರು

ಉತ್ತರ: ಆ ಕೋಣೆಯಲ್ಲಿ ಸೊಳ್ಳೆ ಬತ್ತಿಯೋ ಲಿಕ್ವಿಡ್ಡೋ ಹಚ್ಚಿದ್ದಿರಾ ನೋಡಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಸೊಳ್ಳೆಗೆಷ್ಟು ವಿಷವೋ ಸೀಗಡಿಗೂ ಅಷ್ಟೇ, ಏರ್ ಪಂಪ್ ಅದನ್ನು ಎಳೆದು ನೇರ ನೀರಿಗೇ ಊದುತ್ತದೆ. ಅದಲ್ಲವಾದರೆ ಮೀನಿನ ಔಷಧಿಯ ತಾಮ್ರವನ್ನು ಶಂಕಿಸಿ. ಸದ್ಯಕ್ಕೆ ಕಾಲು ಭಾಗ ನೀರು ಬದಲಾಯಿಸಿ, ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಇದ್ದಿಲು ತುಂಬಿ, ಕೋಣೆಯ ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿ.