ಮಡಿಕೇರಿ ಚಳಿಗೆ ತಲೆ ಒಣಗಿ ತುರಿಸುತ್ತಿದೆಯಾ? ಎಣ್ಣೆಗಿಂತ ಮೊದಲು ಹಂಡೆ ನೀರು ನೋಡಿ

ಕಲಬುರಗಿಯಿಂದ ವರ್ಗವಾಗಿ ಮಡಿಕೇರಿಗೆ ಬಂದು ಆರು ತಿಂಗಳಾಯಿತು, ಡಿಸೆಂಬರ್ ಹಿಡಿದಾಗಿನಿಂದ ತಲೆ ಒಣಗಿ ತುರಿಕೆ, ಹೆಗಲ ಮೇಲೆ ಬಿಳಿ ಪುಡಿ ಎಂದು ಬರೆದಿದ್ದೀರಿ. ಅದರ ಜೊತೆಗೇ "ಚಳಿ ತಡೆಯೋಕಾಗಲ್ಲ, ಹಂಡೆಯ ಸುಡುನೀರನ್ನೇ ದಿನಾ ತಲೆಗೆ ಹಾಕ್ಕೋತೀನಿ, ರಾತ್ರಿ ಎಣ್ಣೆ ಹಚ್ಚಿ ಮಲಗ್ತೀನಿ, ಆದ್ರೂ ಕಡಿಮೆ ಆಗ್ತಿಲ್ಲ, ಒಳ್ಳೆ ಮನೆಮದ್ದು ಹೇಳಿ" ಎಂದಿದ್ದೀರಿ. ಮದ್ದು ಆಮೇಲೆ ಹೇಳುತ್ತೇನೆ. ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಆ ಹಂಡೆ.

ನಾನು ಮೂರ್ನಾಡು ಕಡೆಯವಳು. ನಮ್ಮ ಬಚ್ಚಲು ಮನೆಯಲ್ಲಿ ಬೆಳಗ್ಗೆ ಐದೂವರೆಗೇ ಹಂಡೆಗೆ ಉರಿ ಬೀಳುತ್ತದೆ. ಕಪಾತು ಮಾಡಿದ, ಅಂದರೆ ಗಿಡದಿಂದ ಸವರಿ ತೆಗೆದ ಕಾಫಿ ಕಡ್ಡಿ ಬೇಕಾದಷ್ಟು ಇರುತ್ತದಲ್ಲ, ಹಾಗಾಗಿ ಸೌದೆಗೆ ಬರವಿಲ್ಲ. ಆರು ಗಂಟೆಗೆ ಮುಚ್ಚಳ ತೆಗೆದರೆ ಹೊಗೆಯೂ ಹಬೆಯೂ ಒಟ್ಟಿಗೆ ಮುಖಕ್ಕೆ ಬಡಿಯುತ್ತದೆ. ಹೊರಗೆ ಹತ್ತು ಹನ್ನೆರಡು ಡಿಗ್ರಿ ಚಳಿ. ಅಂಥ ಹೊತ್ತಲ್ಲಿ ಸುಡುನೀರು ತಲೆ ಮೇಲೆ ಬಿದ್ದರೆ ಸ್ವರ್ಗ. ನನಗೂ ಗೊತ್ತು, ವರ್ಷಗಟ್ಟಲೆ ನಾನೂ ಅದನ್ನೇ ಮಾಡಿದವಳು.

ಆದರೆ ಜಿಡ್ಡಿನ ಪಾತ್ರೆಗೆ ಬಿಸಿನೀರು ಹಾಕಿದರೆ ಏನಾಗುತ್ತದೆ? ಜಿಡ್ಡು ಬಿಟ್ಟುಕೊಳ್ಳುತ್ತದೆ. ನೆತ್ತಿಯಲ್ಲಿ ಆಗುವುದೂ ಅದೇ. ಚರ್ಮದ ಮೇಲೆ ಅದರದ್ದೇ ಒಂದು ತೆಳ್ಳಗಿನ ಎಣ್ಣೆ ಪದರ ಇರುತ್ತದೆ, ಒಳಗಿನ ನೀರು ಹಾರಿಹೋಗದ ಹಾಗೆ ತಡೆಯುವುದು ಅದು. ಸುಡುನೀರು, ಅದರ ಮೇಲೆ ದಿನಾ ಶಾಂಪೂ, ಎರಡೂ ಸೇರಿ ಆ ಪದರವನ್ನು ತೊಳೆದುಹಾಕುತ್ತವೆ. ಆಮೇಲೆ ಮಡಿಕೇರಿಯ ಚಳಿಗಾಲದ ಒಣಗಾಳಿ ಉಳಿದ ಪಸೆಯನ್ನೂ ಎಳೆದುಕೊಳ್ಳುತ್ತದೆ. ಇಷ್ಟಾದ ಮೇಲೆ ತುರಿಸದೆ ಇನ್ನೇನು? ಆದ್ದರಿಂದ ಮೊದಲ ಮನೆಮದ್ದು, ದುಡ್ಡಿಲ್ಲದ್ದು: ತಲೆಗೆ ಹಾಕುವ ನೀರಿಗೆ ತಣ್ಣೀರು ಬೆರೆಸಿ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಚೊಂಬು ಸುರಿದು ನೋಡಿ, "ಅಯ್ಯೋ, ಇನ್ನೂ ಸ್ವಲ್ಪ ಬಿಸಿ ಇರಬೇಕಿತ್ತು" ಅನಿಸಬೇಕು. ಅಷ್ಟೇ ಹದ. ಮೈಗೆ ಬೇಕಾದರೆ ಇನ್ನೊಂದಿಷ್ಟು ಬಿಸಿ ಹಾಕಿಕೊಳ್ಳಿ. ತಲೆಸ್ನಾನ ವಾರಕ್ಕೆ ಎರಡು ಸಲ ಸಾಕು, ದಿನಾ ಬೇಡ.

ಇನ್ನು ನಿಮ್ಮದು ಒಣ ತಲೆಯೋ, ಹೊಟ್ಟೋ ಅನ್ನುವುದು. ಎರಡರಲ್ಲೂ ಬಿಳಿ ಪುಡಿ ಉದುರುತ್ತದೆ, ಎರಡೂ ತುರಿಸುತ್ತದೆ, ಆದರೆ ಮದ್ದು ಬೇರೆ ಬೇರೆ. ಕಪ್ಪು ಬಟ್ಟೆ ಹಾಸಿ, ತಲೆ ಬಗ್ಗಿಸಿ ಬಾಚಿ. ಉದುರಿದ್ದನ್ನು ಎರಡು ಬೆರಳ ನಡುವೆ ತಿಕ್ಕಿ. ಹಿಟ್ಟಿನ ಹಾಗೆ ಸಣ್ಣಗೆ, ಒಣಒಣ ಇದ್ದು, ಕೈಕಾಲ ಚರ್ಮವೂ ಗೀಚಿದರೆ ಬಿಳಿ ಗೆರೆ ಬೀಳುವಷ್ಟು ಒಡೆದಿದ್ದರೆ ಅದು ಒಣ ತಲೆ. ಬೆರಳಿಗೆ ಮೇಣದ ಹಾಗೆ ಅಂಟಿದರೆ, ಚೂರು ದೊಡ್ಡದಾಗಿ ಹಳದಿ ಇದ್ದರೆ, ಹುಬ್ಬಿನಲ್ಲಿ, ಮೂಗಿನ ಪಕ್ಕ, ಕಿವಿ ಹಿಂದೆಯೂ ಕೆಂಪಾಗಿ ಸಿಪ್ಪೆ ಏಳುತ್ತಿದ್ದರೆ ಅದು ಹೊಟ್ಟು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಹೊಟ್ಟಿನ ಹಿಂದೆ ಮಲಸೇಜಿಯ ಅನ್ನುವ ಒಂದು ಸೂಕ್ಷ್ಮ ಶಿಲೀಂಧ್ರ ಇದೆ. ಎಲ್ಲರ ತಲೆಯಲ್ಲೂ ಇರುತ್ತದೆ, ಕೆಲವರಿಗೆ ಮಾತ್ರ ಕಾಟ ಕೊಡುತ್ತದೆ. ಅದಕ್ಕೆ ಊಟವೇ ಎಣ್ಣೆ ಜಿಡ್ಡು. ನೀವು ರಾತ್ರಿ ಎಣ್ಣೆ ಹಚ್ಚಿ ಮಲಗಿದರೆ ಅದಕ್ಕೆ ಬಡಿಸಿದ ಹಾಗಾಯಿತು! ನಮ್ಮಲ್ಲಿ ಮಳೆಗಾಲದ ತುರಿಕೆ ಜಾಸ್ತಿ ಈ ಜಾತಿಯದು. ಜುಲೈ, ಆಗಸ್ಟಿನಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ, ಕೂದಲು ಒದ್ದೆಯಲ್ಲೇ ಗಂಟು ಹಾಕಿ, ಮೇಲೊಂದು ಸ್ಕಾರ್ಫ್ ಕಟ್ಟಿಕೊಂಡು ಓಡಾಡುವ ಕಾಲ ಅದು. ಚಳಿಗಾಲದಲ್ಲಿ ಶುರುವಾದದ್ದು ಒಣ ತಲೆ ಇರುವ ಸಾಧ್ಯತೆ ಹೆಚ್ಚು. ಆದರೆ ಹೊಟ್ಟು ಚಳಿಗೂ ಕೆದರುತ್ತದೆ, ಹಾಗಾಗಿ ಬೆರಳಲ್ಲಿ ತಿಕ್ಕಿ ನೋಡದೆ ನಿರ್ಧರಿಸಬೇಡಿ. ನಿಮ್ಮದು ಹೊಟ್ಟೇ ಆಗಿದ್ದರೆ ಮನೆಮದ್ದಿಗೆ ಅಂಟಿಕೊಂಡು ಕೂರಬೇಡಿ. ಮೆಡಿಕಲ್‌ನಲ್ಲಿ ಕೀಟೊಕೊನಜೋಲ್ ಇರುವ ಶಾಂಪೂ ಸಿಗುತ್ತದೆ. ವಾರಕ್ಕೆ ಎರಡು ಸಲ, ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಿರಿ. ಹಚ್ಚಿದ ಕೂಡಲೇ ತೊಳೆದರೆ ದುಡ್ಡು ಬಚ್ಚಲಿಗೆ.

ಒಣ ತಲೆ ಅಂತ ಗೊತ್ತಾದರೆ ಎಣ್ಣೆ ಒಳ್ಳೆಯದೇ. ಹೊತ್ತು ಮಾತ್ರ ಬದಲಿಸಿ. ರಾತ್ರಿಯಿಡೀ ಬೇಡ, ಸ್ನಾನಕ್ಕೆ ಒಂದು ಗಂಟೆ ಮೊದಲು. ಇಲ್ಲಿ ಡಿಸೆಂಬರಲ್ಲಿ ತೆಂಗಿನೆಣ್ಣೆ ಬಾಟಲಿ ಬೆಳಗ್ಗೆ ಎದ್ದು ನೋಡಿದರೆ ಬಿಳಿ ಕಲ್ಲಾಗಿರುತ್ತದೆ. 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಗಟ್ಟಿಯಾಗುವುದು ಸಹಜ, ಕಲಬೆರಕೆ ಅಂತ ಗಾಬರಿಯಾಗಬೇಡಿ. ನಮ್ಮ ಅತ್ತೆ ಬಾಟಲಿಯನ್ನು ಹಂಡೆ ಮುಚ್ಚಳದ ಮೇಲೆ ಮಲಗಿಸುತ್ತಿದ್ದರು, ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ ಒಂದು ಸಲ ಅದು ಸೊಟ್ಟಗಾಗಿ ಆ ಪದ್ಧತಿ ನಿಂತಿತು. ಒಂದು ಲೋಟ ಬಿಸಿನೀರಲ್ಲಿ ಬಾಟಲಿ ಇಟ್ಟರೆ ಸಾಕು. ಎರಡು ಚಮಚ ಎಣ್ಣೆ ತಗೊಂಡು, ಬೈತಲೆ ತೆಗೆದು ತೆಗೆದು ಬುಡಕ್ಕೆ ಹಚ್ಚಿ, ಕೂದಲ ತುದಿಗಲ್ಲ. ಬೆರಳ ತುದಿಯಲ್ಲಿ ಮೆಲ್ಲಗೆ, ಉಗುರು ತಾಗದ ಹಾಗೆ. ಎಳ್ಳೆಣ್ಣೆಯೂ ಆಗುತ್ತದೆ. ಸಾಸಿವೆ ಎಣ್ಣೆ ಬೇಡ, ಕೆರಳಿದ ಚರ್ಮಕ್ಕೆ ಅದು ಉರಿ.

ತೊಳೆಯುವುದಕ್ಕೆ ನನ್ನ ಓಟು ದಾಸವಾಳದ ಸೊಪ್ಪಿಗೆ. ಹೂವಿಗಲ್ಲ, ಸೊಪ್ಪಿಗೆ. ಬೇಲಿಯಲ್ಲಿ ಐದು ಎಸಳಿನ ಕೆಂಪು ದಾಸವಾಳ ಇರುತ್ತದಲ್ಲ, ಅದರ ಎಲೆ ಎರಡು ಹಿಡಿ. ಜೇಡರ ಬಲೆ, ಇರುವೆ ಇಲ್ಲದ ಹಾಗೆ ಚೆನ್ನಾಗಿ ತೊಳೆದು, ಅಗಲವಾದ ಪಾತ್ರೆಯಲ್ಲಿ ಎರಡು ಲೋಟ ಉಗುರುಬೆಚ್ಚಗಿನ ನೀರು ಹಾಕಿ, ಬಟ್ಟೆ ಕುಕ್ಕಿದ ಹಾಗೆ ಕೈಯಲ್ಲೇ ಕಿವುಚಿ. ಮೊದಲು ಬರೀ ಹಸಿರು ನೀರು ಬರುತ್ತದೆ, ಏನೂ ಆಗಲಿಲ್ಲ ಅನಿಸುತ್ತದೆ. ಬಿಡಬೇಡಿ. ಮೂರು ನಾಲ್ಕು ನಿಮಿಷ ಆದ ಮೇಲೆ ನೀರು ದಪ್ಪ ಆಗಿ, ಕೈ ಎತ್ತಿದರೆ ಬೆರಳಿನಿಂದ ದಾರದ ಹಾಗೆ ಇಳಿಯುತ್ತದೆ. ಆಗ ತೆಳು ಬಟ್ಟೆಯಲ್ಲಿ ಸೋಸಿ. ಸೋಸದೆ ಹಾಕಿಕೊಂಡರೆ ಎರಡು ದಿನ ಕೂದಲಲ್ಲಿ ಎಲೆ ಚೂರು ಆರಿಸುತ್ತಾ ಕೂರಬೇಕು, ಆಫೀಸಿಗೆ ಹೋಗುವವರಿಗೆ ಆಗುವ ಮಾತಲ್ಲ. ಈ ಲೋಳೆಯನ್ನು ತಲೆಗೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಬೆರಳಾಡಿಸಿ, ತೊಳೆಯಿರಿ. ನೊರೆ ಬರಲ್ಲ. ಆದರೂ ಒಂದು ಗಂಟೆ ಹಿಂದೆ ಹಚ್ಚಿದ ಎಣ್ಣೆಯ ಜಾಸ್ತಿ ಭಾಗ ಹೋಗುತ್ತದೆ, ಬೇಕಾದಷ್ಟು ಉಳಿಯುತ್ತದೆ. ಶಾಂಪೂವಿನ ಹಾಗೆ ಚರಚರ ಅನ್ನಿಸುವುದಿಲ್ಲ, ಅದೇ ಅದರ ಗುಣ. ಸೀಗೆಕಾಯಿ ನಿಮ್ಮ ಈಗಿನ ತಲೆಗೆ ಸ್ವಲ್ಪ ಖಾರ. ಅದು ಎಣ್ಣೆಯನ್ನು ಚೊಕ್ಕವಾಗಿ ತೆಗೆಯುತ್ತದೆ. ತುರಿಕೆ ಇಳಿದ ಮೇಲೆ ಬೇಕಾದರೆ ನೋಡಿ.

ಲೋಳೆಸರವೂ ಒಳ್ಳೆಯದೇ, ಒಂದು ಎಚ್ಚರದೊಂದಿಗೆ. ಎಲೆ ಕುಯ್ದ ಕೂಡಲೇ ಸಿಪ್ಪೆಯ ಕೆಳಗಿನಿಂದ ಹಳದಿ ರಸ ಒಸರುತ್ತದೆ, ಅದು ಚರ್ಮಕ್ಕೆ ಕೆರೆತ ತರುತ್ತದೆ. ಎಲೆಯನ್ನು ಒಂದು ಲೋಟದಲ್ಲಿ ಕುಯ್ದ ಬದಿ ಕೆಳಗೆ ಮಾಡಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಹಳದಿ ಇಳಿದ ಮೇಲೆ ತೊಳೆದು, ಒಳಗಿನ ಗಾಜಿನಂಥ ತಿರುಳು ಮಾತ್ರ ತಗೊಳ್ಳಿ. "ಲೋಳೆಸರ ಹಚ್ಚಿ ತುರಿಕೆ ಜಾಸ್ತಿ ಆಯ್ತು" ಅನ್ನುವವರಲ್ಲಿ ಎಷ್ಟೋ ಜನ ಈ ಹಳದಿ ರಸ ಬಿಟ್ಟಿರುವುದಿಲ್ಲ.

ಮೆಂತ್ಯ ಎಲ್ಲರೂ ಹೇಳುತ್ತಾರೆ. ರಾತ್ರಿ ನೆನೆಹಾಕಿ ರುಬ್ಬಿ ಹಚ್ಚಿದರೆ ತಂಪು ಹೌದು. ಆದರೆ ಮಡಿಕೇರಿ ಚಳಿಯಲ್ಲಿ ಆ ತಣ್ಣನೆ ಹಿಟ್ಟನ್ನು ತಲೆ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ಕೂತರೆ ತುರಿಕೆ ಹೋಗಿ ನೆಗಡಿ ಹಿಡಿದಂತೆ ಆಗುತ್ತದೆ, ತೊಳೆಯುವುದೂ ರಗಳೆ. ಮೊಸರೂ ಹಾಗೇ. ಭಾನುವಾರ ಮಧ್ಯಾಹ್ನ ಬಿಸಿಲಿದ್ದರೆ ಇಪ್ಪತ್ತು ನಿಮಿಷ, ಅಷ್ಟೇ.

ನೀವು ಕೊಡಗಿಗೆ ಬಂದಿದ್ದೀರಿ, ಹಾಗಾಗಿ ಜೇನು ಹೇಳದೆ ಬಿಟ್ಟರೆ ತಪ್ಪು. ಇದನ್ನು ಹೊಟ್ಟು ಇದ್ದವರೂ ನೋಡಬಹುದು. 2001ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಇದೆ, 30 ಜನರ ಮೇಲೆ ಮಾಡಿದ್ದು. ಒಂಬತ್ತು ಪಾಲು ಜೇನಿಗೆ ಒಂದು ಪಾಲು ಬೆಚ್ಚಗಿನ ನೀರು ಸೇರಿಸಿ, ದಿನ ಬಿಟ್ಟು ದಿನ ಮೆಲ್ಲಗೆ ತಿಕ್ಕಿ, ಮೂರು ಗಂಟೆ ಬಿಟ್ಟು ತೊಳೆದವರಿಗೆ ಒಂದು ವಾರದಲ್ಲೇ ತುರಿಕೆ, ಸಿಪ್ಪೆ ಕಡಿಮೆಯಾಗಿತ್ತು. ಮೂವತ್ತೇ ಜನ, ಅದನ್ನೇ ವೇದವಾಕ್ಯ ಮಾಡಬೇಡಿ. ನಾನು ನಾಲ್ಕು ಸಲ ಮಾಡಿದ್ದೇನೆ, ತುರಿಕೆ ಇಳಿದದ್ದು ನಿಜ. ಆದರೆ ಮೂರು ಗಂಟೆ ಜೇನು ತಲೆಯಲ್ಲಿ ಇಟ್ಟುಕೊಂಡು ತೋಟದ ಕಡೆ ಹೋಗಬೇಡಿ, ಇರುವೆಗಳ ಜೊತೆ ಜೇನುಹುಳಗಳೂ ವಿಚಾರಿಸಿಕೊಳ್ಳಲು ಬರುತ್ತವೆ. ಅಸಲಿ ಜೇನಿನ ಬೆಲೆ ನೋಡಿದರೆ ನನಗೆ ಅದನ್ನು ಅಕ್ಕಿರೊಟ್ಟಿ ಜೊತೆ ತಿನ್ನುವುದೇ ಲಾಭ ಅನಿಸುತ್ತದೆ.

ಈಗ ಮಾಡಬಾರದ್ದು. ಇದರಲ್ಲಿ ನಾನೇ ಪಾಠ ಕಲಿತವಳು. ನಾಲ್ಕು ವರ್ಷದ ಹಿಂದೆ ನನಗೂ ಹೀಗೇ ತುರಿಕೆ. ಇಂಟರ್ನೆಟ್ಟಿನಲ್ಲಿ ಎಲ್ಲಿ ನೋಡಿದರೂ ಆ್ಯಪಲ್ ಸೈಡರ್ ವಿನಿಗರ್ ಹಚ್ಚಿ ಅಂತಿತ್ತು. ಅಂಗಡಿಯಲ್ಲಿ ಬೆಲೆ ಕೇಳಿ ವಾಪಸ್ ಬಂದೆ. ಮನೆಯಲ್ಲಿ ಕಾಚಂಪುಳಿ ಇರುವಾಗ ವಿನಿಗರ್‌ಗೆ ದುಡ್ಡು ಯಾಕೆ, ಹುಳಿ ಹುಳಿಯೇ ಅಲ್ವಾ ಎಂದು ನನ್ನ ಜಾಣತನ. ನಿಮಗೆ ಹೊಸದಿರಬಹುದು, ಕಾಚಂಪುಳಿ ಅಂದರೆ ಪಣಪುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ ಟಾರಿನ ಹಾಗೆ ಕಪ್ಪು, ಮಂದ ಮಾಡಿದ್ದು. ಪಂದಿ ಕರಿಗೆ, ಅಂದರೆ ನಮ್ಮ ಹಂದಿ ಮಾಂಸದ ಸಾರಿಗೆ, ಒಂದೆರಡು ಚಮಚ ಬಿದ್ದರೆ ಇಡೀ ಪಾತ್ರೆಗೆ ಹುಳಿ ಬರುವಂಥ ವಸ್ತು. ಅರ್ಧ ಲೋಟ ನೀರಿಗೆ ಎರಡು ಚಮಚ ಹಾಕಿ, ಆಗಲೇ ಕೆರೆದು ಕೆಂಪಾದ ನೆತ್ತಿಗೆ ಸುರಿದುಕೊಂಡೆ. ಮೊದಲ ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಹಸಿಮೆಣಸು ಅರೆದು ಹಚ್ಚಿದ ಹಾಗೆ! ಐದಾರು ಚೊಂಬು ನೀರು ಹಾಕಿದರೂ ಉರಿ ಇಳಿಯಲಿಲ್ಲ. ಬಿಳಿ ಟವೆಲ್ಲಿಗೆ ಕಂದು ಕಲೆ. ಸಂಜೆ ಮಗ ಶಾಲೆಯಿಂದ ಬಂದವನು ಹತ್ತಿರ ಬಂದು ಮೂಸಿ, "ಅವ್ವಾ, ಇವತ್ತು ಪಂದಿ ಕರಿಯಾ?" ಎಂದ. ಇಲ್ಲ ಅಂದಾಗ ಅವನಿಗೆ ಆದ ಬೇಸರ ನನ್ನ ಉರಿಗಿಂತ ಜಾಸ್ತಿ. ಎರಡು ದಿನ ಬಿಟ್ಟು ನೆತ್ತಿಯ ಸಿಪ್ಪೆ ಮೊದಲಿಗಿಂತ ದೊಡ್ಡದಾಗಿ ಎದ್ದಿತು.

ನಿಂಬೆಹಣ್ಣೂ ಇದೇ ಜಾತಿ. ಕೆರೆದ ಗಾಯಕ್ಕೆ ಉರಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಹಣೆ, ಕುತ್ತಿಗೆ ಮೇಲೆ ಸುಟ್ಟ ಹಾಗೆ ಕಪ್ಪು ಕಲೆ ಬೀಳುವುದೂ ಉಂಟು. ಅಡುಗೆ ಸೋಡಾ ಇದರ ಉಲ್ಟಾ. ನಮ್ಮ ಚರ್ಮ ಸ್ವಲ್ಪ ಆಮ್ಲದ ಕಡೆ ಇರುತ್ತದೆ, ಸೋಡಾ ಕ್ಷಾರ, ಒಣಗಿದ್ದನ್ನು ಇನ್ನೂ ಒಣಗಿಸುತ್ತದೆ. ಎಣ್ಣೆಗೆ ಕರ್ಪೂರ ಹಾಕಿ ಕಾಯಿಸುವವರಿದ್ದಾರೆ. ತುರಿಕೆ ಮರೆಸುತ್ತದೆ ನಿಜ, ಆದರೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ಫಿಟ್ಸ್ ಬರಿಸುವಷ್ಟು ವಿಷ ಅದು. ಮಕ್ಕಳಿರುವ ಮನೆಯಲ್ಲಿ ಸುಮ್ನೆ ಯಾಕೆ ಆ ಅಪಾಯ? ಹಾಗೇ ಯಾರಾದರೂ ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮದ್ದು ಸೊಪ್ಪನ್ನು ತಲೆಗೂ ಹಚ್ಚಿ ಅಂದರೆ ನಂಬಬೇಡಿ. ಅದು ಕಕ್ಕಡ ಹದಿನೆಂಟಕ್ಕೆ ಪಾಯಸ ಮಾಡಿ ಉಣ್ಣುವುದಕ್ಕೆ. ತಲೆಗೆ ಹಚ್ಚಿದರೆ ದಿಂಬು ನೇರಳೆ ಆಗಬಹುದು, ಅಷ್ಟೇ.

ಇನ್ನೊಂದು ವಿಷಯ, ಹೇಳಲು ಮುಜುಗರ. ಹೇನು ಇದೆಯಾ ನೋಡಿಸಿಕೊಳ್ಳಿ. ನಗಬೇಡಿ. ನನ್ನ ಮಗಳು ಹಾಸ್ಟೆಲಿನಿಂದ ರಜೆಗೆ ಬಂದಾಗ ತಲೆ ಒಣಗಿದೆ ಅಂತ ಹದಿನೈದು ದಿನ ಎಣ್ಣೆ, ದಾಸವಾಳ ಎಲ್ಲ ಆಯಿತು. ಕೊನೆಗೆ ಬಿಸಿಲಲ್ಲಿ ಕೂರಿಸಿ ಕಿವಿ ಹಿಂದೆ ಕೂದಲು ಸರಿಸಿ ನೋಡಿದರೆ ಸೀರು ಸಾಲುಸಾಲಾಗಿ ಅಂಟಿತ್ತು. ಬಿಳಿ ಪುಡಿ ಬೆರಳಲ್ಲಿ ತಟ್ಟಿದರೆ ಉದುರುತ್ತದೆ, ಸೀರು ಉದುರುವುದಿಲ್ಲ.

ನೀರು ಬೆಚ್ಚಗೆ ಮಾಡಿ, ಎಣ್ಣೆಯ ಹೊತ್ತು ಬದಲಿಸಿ, ದಾಸವಾಳದಲ್ಲಿ ತೊಳೆದು, ಮೂರು ವಾರವಾದರೂ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಕೀವು, ನೀರು ಒಸರುವುದು, ಕೂದಲು ಬಿಲ್ಲೆಬಿಲ್ಲೆಯಾಗಿ ಉದುರುವುದು, ದಪ್ಪ ಬೆಳ್ಳಿಬಣ್ಣದ ಪದರ ಏಳುವುದು, ಜೊತೆಗೆ ಮೊಣಕೈ ಮೊಣಕಾಲಲ್ಲೂ ಅದೇ ಥರ ಇರುವುದು, ಇದರಲ್ಲಿ ಯಾವುದಿದ್ದರೂ ಮೂರು ವಾರವೂ ಕಾಯಬೇಡಿ. ಕೂದಲಿಗೆ ಡೈ ಹಚ್ಚಿದ ಮೇಲೆ ಶುರುವಾದ ತುರಿಕೆಯಾದರೆ ಮೊದಲು ಡೈ ನಿಲ್ಲಿಸಿ. ಮುಖ, ಕಣ್ಣುರೆಪ್ಪೆ ಊದಿದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ದಾಸವಾಳದ ಗಿಡ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಮಡಿಕೇರಿಯಲ್ಲಿ ಎರಡು ಮನೆಗೊಂದು ಬೇಲಿಯಲ್ಲಿ ಇರುತ್ತದೆ. ಕೇಳಿ ಕೊಯ್ಯಿರಿ. ಹೂವು ಕೇಳಿದರೆ ಪೂಜೆಗೆ ಬೇಕು ಅಂದಾರು, ಸೊಪ್ಪು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.