ಸ್ಕ್ಯಾನ್‌ನಲ್ಲಿ ಶಂಟ್ ಕಾಣಲಿಲ್ಲ ಅಂದರೆ ಇಲ್ಲವೆಂದೇ ಅಲ್ಲ

ಐದು ತಿಂಗಳ ಶಿಟ್ಜು ನಾಯಿಮರಿ, ಊಟವಾದ ಮೇಲೆ ಮಂಕಾಗಿ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ರಕ್ತದಲ್ಲಿ ಬೈಲ್ ಆಸಿಡ್ (ಲಿವರ್ ಹೀರಿ ತೆಗೆಯಬೇಕಾದ ಪಿತ್ತದ ಅಂಶ) ಜಾಸ್ತಿ. ಆದರೂ ಅಲ್ಟ್ರಾಸೌಂಡ್ ರಿಪೋರ್ಟಿನಲ್ಲಿ "ಲಿವರ್ ಚಿಕ್ಕದು, ಶಂಟ್ ಕಾಣಲಿಲ್ಲ" ಅಂತ ಬಂದಿದೆ, ನಂಬಬಹುದಾ ಎಂದು ಕೇಳಿದ್ದೀರಿ. ಶಂಟ್ ಅಂದರೆ ಕರುಳಿನ ರಕ್ತ ಲಿವರ್‌ನಲ್ಲಿ ಸೋಸದೆ ನೇರವಾಗಿ ಮೈಯ ರಕ್ತಕ್ಕೆ ಸೇರುವ ಅಡ್ಡದಾರಿ ನಾಳ. ಅಷ್ಟೇ ಬರೆದಿದ್ದರೆ ನಂಬಬೇಡಿ. ರಿಪೋರ್ಟಿನಲ್ಲಿ ಅಳತೆಗಳಿವೆಯಾ ನೋಡಿ.

ಮುಖ್ಯವಾದದ್ದು ಪೋರ್ಟಲ್ ನಾಳ (ಕರುಳಿನ ರಕ್ತವನ್ನು ಲಿವರ್‌ಗೆ ಒಯ್ಯುವುದು) ಮತ್ತು ಅಯೋರ್ಟಾದ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಅಗಲದ ಅನುಪಾತ. ಕರುಳಿನಿಂದ ಬರುವ ರಕ್ತ ಲಿವರ್ ಸೇರುವ ಮೊದಲೇ ಅಡ್ಡದಾರಿ ಹಿಡಿದರೆ, ಅಲ್ಲಿಂದ ಮುಂದಕ್ಕೆ ಪೋರ್ಟಲ್ ನಾಳ ಸಣಕಲಾಗಿರುತ್ತದೆ. ಹಾಗಾಗಿ ಲಿವರ್‌ಗೆ ಅದು ಒಳಹೋಗುವ ಜಾಗದಲ್ಲೇ ಅಳೆಯಬೇಕು. 0.65 ಅಥವಾ ಕಡಿಮೆ ಬಂದರೆ ಲಿವರ್ ಹೊರಗಿನ ಶಂಟ್ ಬಗ್ಗೆ ಬಲವಾದ ಅನುಮಾನ, 0.8 ಅಥವಾ ಹೆಚ್ಚಿದ್ದರೆ ಅದು ಇಲ್ಲವೆಂದೇ ಲೆಕ್ಕ. ಅಯೋರ್ಟಾ 6 ಮಿ.ಮೀ., ಪೋರ್ಟಲ್ ನಾಳ 3.5 ಮಿ.ಮೀ. ಇದ್ದರೆ 0.58, ಅಂಥ ಮರಿಯಲ್ಲಿ ಹುಡುಕುವುದನ್ನು ನಿಲ್ಲಿಸಬಾರದು. ನಡುವಿನ ಅಂಕಿ ಬಂದರೆ ಏನೂ ಹೇಳಲಾಗದು. ಲಿವರ್ ಒಳಗಿನ ಶಂಟ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಆದರೆ ಅದು ಹೆಚ್ಚಾಗಿ ಲ್ಯಾಬ್ರಡಾರ್, ಐರಿಷ್ ವುಲ್ಫ್‌ಹೌಂಡ್‌ನಂಥ ದೊಡ್ಡ ತಳಿಗಳ ಕಾಯಿಲೆ. ಶಿಟ್ಜು, ಯಾರ್ಕಿ, ಮಾಲ್ಟೀಸ್‌ಗಳಲ್ಲಿ ಸಾಮಾನ್ಯವಾಗಿ ಹೊರಗಿನದೇ.

ಬರೀ ಹೊಟ್ಟೆಯ ಕೆಳಗಿನಿಂದ ನೋಡಿದ್ದರೆ ಗ್ಯಾಸ್ ಅಡ್ಡ ಬಂದಿರುತ್ತದೆ. ಮರಿಯನ್ನು ಎಡಮಗ್ಗುಲಾಗಿ ಮಲಗಿಸಿ, ಬಲಗಡೆ 10ರಿಂದ 12ನೇ ಪಕ್ಕೆಲುಬುಗಳ ಸಂದಿನಲ್ಲಿ ಪ್ರೋಬ್ (ಸ್ಕ್ಯಾನಿನ ಹಿಡಿಕೆ) ಅಡ್ಡ ಇಟ್ಟರೆ ಅಯೋರ್ಟಾ, ವೀನಾ ಕೇವಾ (ಹೃದಯಕ್ಕೆ ರಕ್ತ ಮರಳಿಸುವ ದೊಡ್ಡ ನಾಳ), ಪೋರ್ಟಲ್ ನಾಳ ಮೂರೂ ಒಂದೇ ಚಿತ್ರದಲ್ಲಿ ದುಂಡಗೆ ಸಿಗುತ್ತವೆ. ಅಲ್ಲಿನ ಕೂದಲನ್ನೂ ಬೋಳಿಸಿರಬೇಕು. ಬೋಳಿಸಿಲ್ಲದಿದ್ದರೆ ಆ ಕಡೆಯಿಂದ ಸರಿಯಾಗಿ ನೋಡಿರುವುದು ಅನುಮಾನ!

ಡಾಪ್ಲರ್‌ನಲ್ಲಿ (ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್) ಪೋರ್ಟಲ್ ಹರಿವು ಸೆಕೆಂಡಿಗೆ ಸುಮಾರು 10–25 ಸೆಂ.ಮೀ., ಹೆಚ್ಚು ಏರಿಳಿತವಿಲ್ಲದೆ ಇರಬೇಕು. ಶಂಟ್ ಇದ್ದರೆ ಅದು ವೇಗವಾಗಿ, ಒಂದೇ ಸಮನಿಲ್ಲದೆ ಕುಣಿಯಬಹುದು. ಅಲ್ಟ್ರಾಸೌಂಡ್ ಅಲೆಗೂ ರಕ್ತದ ಹರಿವಿಗೂ ನಡುವಿನ ಕೋನ 60 ಡಿಗ್ರಿ ದಾಟಿದರೆ ವೇಗದ ಅಂಕಿ ನಂಬುವಂತಿಲ್ಲ. ಕಲರ್ ಸ್ಕೇಲ್ (ಬಣ್ಣದಲ್ಲಿ ತೋರಿಸುವ ವೇಗದ ಮಿತಿ) ತುಂಬ ಮೇಲಿಟ್ಟರೆ ನಿಧಾನದ ಹರಿವು ಬಣ್ಣವೇ ಹಿಡಿಯುವುದಿಲ್ಲ, ತುಂಬ ಕೆಳಗಿಟ್ಟರೆ ಸರಿಯಾದ ನಾಳವೂ ಸುಳಿಯಂತೆ ತೋರುತ್ತದೆ. ವೀನಾ ಕೇವಾದಲ್ಲಿ ಒಂದು ಕಡೆ ಮಾತ್ರ ಬಣ್ಣ ಕಲಸಿದಂತಾಗಿದ್ದರೆ ಅಲ್ಲಿ ಬೇರೆ ನಾಳ ಬಂದು ಸೇರುತ್ತಿದೆಯಾ ಎಂದು ಹಿಂಬಾಲಿಸಿ ನೋಡಬೇಕು.

ಹೆಚ್ಚು ತಪ್ಪಿಹೋಗುವುದು ಎರಡು ಬಗೆ: ಜಠರದ ಹಿಂದೆ ಹೋಗಿ ವಪೆಗೆ (ಎದೆ ಮತ್ತು ಹೊಟ್ಟೆಯ ನಡುವಿನ ಪೊರೆ) ಅಂಟಿಕೊಂಡು ಸಾಗುವ ಶಂಟ್, ಮತ್ತು ಅಯೋರ್ಟಾ ಪಕ್ಕದಲ್ಲೇ ವಪೆ ದಾಟಿ ಎದೆಯೊಳಗಿನ ಅಜೈಗಸ್ ಎಂಬ ರಕ್ತನಾಳ ಸೇರುವ ಶಂಟ್. ಜಠರ ತುಂಬಿದ್ದರೆ ಮೊದಲನೆಯದು ಒತ್ತಿಹೋಗಿ ಕಾಣಿಸದಿರಬಹುದು. ಹಾಗೆಂದು ಇಷ್ಟು ಚಿಕ್ಕ ಮರಿಯನ್ನು ರಾತ್ರಿಯಿಡೀ ಉಪವಾಸ ಕೆಡವಬೇಡಿ, ಸಕ್ಕರೆ ಇಳಿದು ಫಿಟ್ಸ್ ಬರಬಹುದು. ಎಷ್ಟು ಗಂಟೆ ಎಂದು ಡಾಕ್ಟರನ್ನೇ ಕೇಳಿ. ಮಂಪರು ಇಂಜೆಕ್ಷನ್ ಕೊಡುವ ಮೊದಲು ಲಿವರ್ ವಿಷಯ ನೆನಪಿಸಿ, ಕೆಲವು ಔಷಧಿಗಳು ಇಂಥ ಮರಿಗಳ ಮೈಯಿಂದ ಬೇಗ ಇಳಿಯುವುದಿಲ್ಲ.

ಮೂತ್ರಕೋಶವನ್ನೂ ನೋಡಲು ಹೇಳಿ. ಶಂಟ್ ಇದ್ದರೆ ಅಲ್ಲಿ ಕಟ್ಟಬಹುದಾದ ಯೂರೇಟ್ ಹರಳು ಎಕ್ಸ್‌ರೇಗೆ ಸಾಮಾನ್ಯವಾಗಿ ಸಿಗುವುದಿಲ್ಲ, ಅಲ್ಟ್ರಾಸೌಂಡ್‌ಗೆ ಸಿಗುತ್ತದೆ. ಚಿಕ್ಕ ಲಿವರ್, ದೊಡ್ಡ ಕಿಡ್ನಿ, ಮೂತ್ರಕೋಶದಲ್ಲಿ ಹರಳು, ಮೂರೂ ಒಟ್ಟಿಗಿದ್ದರೆ ಶಂಟ್ ಇರುವ ಸಾಧ್ಯತೆ ತುಂಬಾ ಹೆಚ್ಚು.

ಹೊಟ್ಟೆಯಲ್ಲಿ ನೀರು ತುಂಬಿ, ಎಡ ಕಿಡ್ನಿ ಬಳಿ ಸುತ್ತಿಕೊಂಡ ಹಲವು ನಾಳಗಳು ಕಂಡರೆ ಕಥೆ ಬೇರೆ. ಅವು ಪೋರ್ಟಲ್ ಒತ್ತಡ ಏರಿದ್ದಕ್ಕೆ ಆಮೇಲೆ ತೆರೆದುಕೊಂಡವು, ಅವನ್ನು ಕಟ್ಟಿಹಾಕಿದರೆ ಜೀವಕ್ಕೇ ಅಪಾಯ.

ಮರುಸ್ಕ್ಯಾನ್‌ನಲ್ಲೂ ಸಿಗದಿದ್ದರೆ ಸಿಟಿ ಆಂಜಿಯೋ (ರಕ್ತನಾಳಗಳನ್ನು ತೋರಿಸುವ ಸಿಟಿ ಸ್ಕ್ಯಾನ್) ಮಾಡಿಸಿ, ಆಪರೇಷನ್‌ಗೂ ಅದೇ ನಕ್ಷೆ ಬೇಕಾಗುತ್ತದೆ. ಅದರಲ್ಲೂ ನಾಳಗಳು ಸರಿಯಿದ್ದರೆ ಲಿವರ್‌ನ ಸೂಕ್ಷ್ಮನಾಳಗಳ ದೋಷವಿರಬಹುದು. ಅದಕ್ಕೆ ಆಪರೇಷನ್ ಇಲ್ಲ, ಖಚಿತವಾಗಲು ಬಯಾಪ್ಸಿ ಬೇಕು. ಸದ್ಯಕ್ಕೆ ಹಳೆಯ ಸ್ಕ್ಯಾನಿನ ವಿಡಿಯೋ ಕ್ಲಿಪ್‌ಗಳನ್ನು ಕೇಳಿ ಪಡೆಯಿರಿ, ಎರಡನೆಯ ಡಾಕ್ಟರು ನೋಡಿ ಹೇಳಲು ಫೋಟೋ ಸಾಲದು.